ಕಡಿಮೆ ಓಡಿಸುವವರಿಗೆ ಪೆಟ್ರೋಲ್ ಕಾರೋ, ಕರೆಂಟ್ ಕಾರೋ?

ಶಿರಸಿ ಸುತ್ತಮುತ್ತ ಮನೆ ವೈರಿಂಗ್ ಮಾಡುವುದು ನನ್ನ ಕಸುಬು. ಮೊದಲೆಲ್ಲ ಗೀಸರ್‌ಗೆ, ತೋಟದ ಪಂಪಿಗೆ ಲೈನ್ ಎಳೆಸಲು ಕರೆಯುತ್ತಿದ್ದರು. ಈಗ ಕಾರು ಚಾರ್ಜ್ ಮಾಡುವ ಪಾಯಿಂಟ್ ಹಾಕಿಸಲೂ ಕರೆಯುತ್ತಾರೆ. ಪಾಯಿಂಟ್ ಎಲ್ಲಿ ಬರಬೇಕು ಎನ್ನುವ ಮಾತು ಮುಗಿಯುವ ಮೊದಲೇ ಇನ್ನೊಂದು ಪ್ರಶ್ನೆ ಬರುತ್ತದೆ: “ನಮ್ಮದು ಓಡಾಟವೇ ಕಮ್ಮಿ. ಪೇಟೆಗೆ, ಸೊಸೈಟಿಗೆ, ದೇವಸ್ಥಾನಕ್ಕೆ, ಅಪರೂಪಕ್ಕೆ ಕುಮಟೆಗೆ. ನಮಗೆ ಯಾವುದು ಸರಿ?” ಇದನ್ನು ಅಂಥವರಿಗಾಗಿಯೇ ಬರೆಯುತ್ತಿದ್ದೇನೆ. ದಿನಾ ಎಂಬತ್ತು ಕಿಲೋಮೀಟರ್ ಓಡಿಸುವವರ ಲೆಕ್ಕ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಎಲ್ಲರೂ ಮೊದಲು ಕೇಳುವುದು ದುಡ್ಡಿನ ಲೆಕ್ಕವಾದ್ದರಿಂದ ಅದನ್ನು ಮುಗಿಸಿಕೊಳ್ಳೋಣ. ತಿಂಗಳಿಗೆ 300 ಕಿ.ಮೀ. ಅಂದರೆ ವರ್ಷಕ್ಕೆ 3,600 ಕಿ.ಮೀ. ಮನೆಯಿಂದ ಪೇಟೆಗೆ ನಾಲ್ಕೈದು ಕಿಲೋಮೀಟರ್ ಹೋಗಿ ಬರುವ ಪೆಟ್ರೋಲ್ ಕಾರಿಗೆ ಕಂಪನಿ ಹೇಳುವ ಮೈಲೇಜ್ ಸಿಗುವುದಿಲ್ಲ, ಲೀಟರಿಗೆ 14 ಎಂದು ಹಿಡಿಯಿರಿ. ಲೀಟರಿಗೆ 103 ರೂಪಾಯಿಯಂತೆ ವರ್ಷದ ಪೆಟ್ರೋಲ್ ಖರ್ಚು ಸುಮಾರು 26,500 ರೂಪಾಯಿ. ಸಣ್ಣ ಇವಿ, ಅಂದರೆ ಕರೆಂಟ್ ಕಾರು, ಚಾರ್ಜ್ ಮಾಡುವಾಗ ಸೋರಿ ಹೋಗುವುದನ್ನೂ ಸೇರಿಸಿದರೆ, ಒಂದು ಯೂನಿಟ್‌ಗೆ 7 ಕಿ.ಮೀ. ಓಡುತ್ತದೆ. ಯೂನಿಟ್‌ಗೆ 5.80 ರೂಪಾಯಿ ಹಿಡಿದರೆ ವರ್ಷಕ್ಕೆ 3,000 ರೂಪಾಯಿಯ ಆಸುಪಾಸು. ಉಳಿತಾಯ 23,500. ಇವಿಗೆ ಇಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಹಾಗಾಗಿ ಸರ್ವೀಸ್ ಖರ್ಚಿನಲ್ಲಿ ಉಳಿಯುವ ಎರಡು ಮೂರು ಸಾವಿರವನ್ನೂ ಸೇರಿಸಿದರೆ ಇಪ್ಪತ್ತಾರು ಸಾವಿರವಾಯಿತು.

ಈಗ ಕೊಳ್ಳುವಾಗಿನ ಅಂತರ ನೋಡಿ. ಇವಿಗೆ ಜಿಎಸ್‌ಟಿ ಶೇ. 5 ಮಾತ್ರ ಎನ್ನುವುದು ನಿಜ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಅಂತರ ಮತ್ತೆ ಹಿಗ್ಗಿತು. ಒಂದೇ ಗಾತ್ರದ ಎರಡು ಕಾರುಗಳ ಆನ್ ರೋಡ್ ಬೆಲೆಯ (ತೆರಿಗೆ, ವಿಮೆ ಎಲ್ಲ ಸೇರಿದ್ದು) ನಡುವೆ ಎರಡೂವರೆ ಲಕ್ಷ ವ್ಯತ್ಯಾಸ ಇದ್ದರೆ, ನಿಮ್ಮ ಓಡಾಟದಲ್ಲಿ ಅದು ವಾಪಸ್ ಬರಲು ಒಂಬತ್ತು ಹತ್ತು ವರ್ಷ ಬೇಕು. ಅದೇ ಕಾರು ತಿಂಗಳಿಗೆ 1,000 ಕಿ.ಮೀ. ಓಡಿದರೆ ಮೂರು ವರ್ಷದ ಆಚೀಚೆ ಸಾಕು. ಕಾರವಾರದವರಿಗೆ ಇವಿಯಿಂದ ಆಗುವ ಉಳಿತಾಯ ಇನ್ನೂ ತೆಳ್ಳಗೆ. ಮಾಜಾಳಿ ದಾಟಿ ಗೋವಾದ ಪೋಳೆಂ ಕಡೆ ಹೋದಾಗ ಟ್ಯಾಂಕ್ ತುಂಬಿಸಿಕೊಂಡು ಬರುವ ರೂಢಿ ಅವರಿಗೆ ಮೊದಲಿನಿಂದಲೂ ಇದೆ, ಅಲ್ಲಿ ಪೆಟ್ರೋಲ್ ಕಡಿಮೆ ಬೆಲೆಗೆ ಸಿಗುತ್ತದೆ.

ಹೋಲಿಸುವಾಗ ಒಂದು ಎಚ್ಚರ ಬೇಕು. ಇವಿಗೆ ಗೇರ್ ಇಲ್ಲ, ಕ್ಲಚ್ ಇಲ್ಲ. ಅದನ್ನು ಕೆಳಗಿನ ದರ್ಜೆಯ ಗೇರ್ ಕಾರಿನ ಪಕ್ಕದಲ್ಲಿಟ್ಟು “ಮೂರು ಲಕ್ಷ ಜಾಸ್ತಿ” ಎನ್ನುವುದು ನ್ಯಾಯವಲ್ಲ. ಅದೇ ಕಾರಿನ ಆಟೋಮ್ಯಾಟಿಕ್ ಪೆಟ್ರೋಲ್ ಜೊತೆ ಹೋಲಿಸಿ, ಅಂತರ ಕಡಿಮೆಯಾಗುತ್ತದೆ. ರಸ್ತೆ ತೆರಿಗೆಯನ್ನೂ ಸೇರಿಸಿಯೇ ನೋಡಿ. ಕರ್ನಾಟಕದಲ್ಲಿ 2016ರಿಂದ ಇವಿಗೆ ವಿನಾಯಿತಿ ಇತ್ತು, 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಶೇ. 10 ಹಾಕಿದರು. ಪೆಟ್ರೋಲ್ ಕಾರಿಗೆ ಬೆಲೆಯ ಮೇಲೆ ಶೇ. 13ರಿಂದ 18ರವರೆಗೆ, ಅದರ ಮೇಲೆ ಸೆಸ್. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ಎಕ್ಸ್ ಶೋರೂಂ ಬೆಲೆ ಹಿಡಿದುಕೊಂಡು ಮಾತಾಡಬೇಡಿ, ಆ ದಿನದ ಆನ್ ರೋಡ್ ಕೊಟೇಶನ್ ಎರಡಕ್ಕೂ ಬರೆಸಿಕೊಂಡು ಬನ್ನಿ.

ಒಟ್ಟಿನಲ್ಲಿ ಕಡಿಮೆ ಓಡಿಸುವವರು ಪೆಟ್ರೋಲ್ ಉಳಿಸಲಿಕ್ಕೆಂದು ಇವಿ ತೆಗೆದುಕೊಳ್ಳಬಾರದು. ಇವಿ ತೆಗೆದುಕೊಳ್ಳಲು ಬೇರೆ ಒಳ್ಳೆಯ ಕಾರಣಗಳಿವೆ, ಬಿಡಲೂ ಇವೆ. ಅವು ಇರುವುದು ನಿಮ್ಮ ಅಂಗಳದಲ್ಲಿ, ಮೀಟರ್ ಬೋರ್ಡಿನಲ್ಲಿ ಮತ್ತು ನೀವು ಹೋಗಲೇಬೇಕಾದ ಅತಿ ದೂರದ ಊರಿನಲ್ಲಿ.

ಸ್ವಲ್ಪ ಸ್ವಲ್ಪ ಓಡಿದರೆ ಪೆಟ್ರೋಲ್ ಇಂಜಿನ್‌ಗೆ ಏನಾಗುತ್ತದೆ

ಓಡಾಟ ಕಮ್ಮಿಯಾದರೆ ಕಾರು ಸವೆಯುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಪೆಟ್ರೋಲ್ ಕಾರಿನ ಮಟ್ಟಿಗೆ ಇದು ಅರ್ಧ ಸತ್ಯ. ಬೆಳಿಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿದಾಗ ಅದು ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಪೂರ್ತಿ ಸುಡದ ಪೆಟ್ರೋಲ್ ಒಂದಿಷ್ಟು ಪಿಸ್ಟನ್ ಸಂದಿಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಪೆಟ್ರೋಲ್ ಸುಟ್ಟಾಗ ನೀರಿನ ಆವಿಯೂ ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗಿ ಅರ್ಧ ಗಂಟೆ ಓಡಿದರೆ ಇವೆರಡೂ ಆರಿ ಹೋಗುತ್ತವೆ. ಮನೆಯಿಂದ ಮೂರು ಕಿಲೋಮೀಟರ್ ಪೇಟೆಗೆ ಹೋಗಿ ಅಲ್ಲಿ ನಿಂತು, ತಣ್ಣಗಾಗಿ ಮತ್ತೆ ಮನೆಗೆ ಬಂದರೆ ಒಳಗೇ ಉಳಿಯುತ್ತವೆ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುವುದೂ ಹೀಗೆಯೇ.

ಇದನ್ನು ಕಣ್ಣಾರೆ ನೋಡಬೇಕಾದರೆ ಮಳೆಗಾಲ ಮುಗಿಯುವ ಹೊತ್ತಿಗೆ ಬಾನೆಟ್ ಎತ್ತಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆಯಿರಿ. ಮುಚ್ಚಳದ ಒಳಮೈಗೆ ಹಾಲು ಬೆರೆಸಿದ ಕಾಫಿಯ ಬಣ್ಣದ ಜಿಡ್ಡು ಮೆತ್ತಿಕೊಂಡಿದ್ದರೆ ಅದು ಆಯಿಲ್ ಜೊತೆ ಸೇರಿದ ನೀರು. ಬಟ್ಟೆಯಲ್ಲಿ ಒರೆಸಿ, ಕಾರನ್ನು ಎರಡು ಮೂರು ಸಲ ದೂರ ಓಡಿಸಿ ಮತ್ತೆ ನೋಡಿ. ಜಿಡ್ಡು ಮರಳಿ ಬರದಿದ್ದರೆ ಗಾಬರಿ ಬೇಡ. ಬರುತ್ತಲೇ ಇದ್ದರೆ, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ, ಗ್ಯಾರೇಜಿಗೆ ಒಯ್ಯಿರಿ. ಹಳೆ ಕಾರು ಕೊಳ್ಳಲು ಹೋದಾಗಲೂ ಈ ಮುಚ್ಚಳವನ್ನು ಮೊದಲು ತೆಗೆದು ನೋಡಿ. “ಬರೇ ಹದಿನೆಂಟು ಸಾವಿರ ಓಡಿದ್ದು” ಎನ್ನುವ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಆದ್ದರಿಂದ ಪೆಟ್ರೋಲ್ ಕಾರು ಇಟ್ಟುಕೊಂಡವರು ವಾರಕ್ಕೊಮ್ಮೆಯಾದರೂ ಅದನ್ನು ಇಪ್ಪತ್ತು ಕಿಲೋಮೀಟರ್ ಓಡಿಸಲೇಬೇಕು. ಶಿರಸಿಯವರು ಸೋಂದೆಗೆ ಹೋಗಿ ಬಂದರೆ ಸಾಕು, ಕುಮಟೆಯವರಿಗೆ ಹೆದ್ದಾರಿಯೇ ಇದೆ. ಅಂಗಳದಲ್ಲಿ ಐದು ನಿಮಿಷ ಚಾಲೂ ಇಟ್ಟು ಬಂದ್ ಮಾಡುವುದರಿಂದ ಉಪಕಾರವಿಲ್ಲ, ಮೇಲೆ ಹೇಳಿದ ತೊಂದರೆ ಹೆಚ್ಚಾಗುತ್ತದೆ ಅಷ್ಟೆ. ಎರಡೇ ಸಾವಿರ ಓಡಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗಾಳಿ ಹೇಗಿರುತ್ತದೆಂದು ಹೇಳಬೇಕಿಲ್ಲವಲ್ಲ. ಮಳೆಗಾಲದಲ್ಲಿ ಕಾರು ನಿಲ್ಲಿಸಿಯೇ ಇಡುವುದಿದ್ದರೆ ಟ್ಯಾಂಕ್ ಅರೆಬರೆ ಇಡದೆ ತುಂಬಿಸಿಡಿ, ಒಳಗೆ ಗಾಳಿಗೆ ಜಾಗ ಕಡಿಮೆಯಾಗುತ್ತದೆ.

ಇವಿಗೆ ಈ ತೊಂದರೆ ಒಂದೂ ಇಲ್ಲ. ಮೂರು ಕಿಲೋಮೀಟರ್ ಹೋಗಿ ನಿಂತರೂ ಮೋಟಾರಿಗೆ ಏನೂ ಆಗುವುದಿಲ್ಲ. ಸಣ್ಣ ಸಣ್ಣ ಓಡಾಟವೇ ಹೆಚ್ಚಾಗಿರುವವರಿಗೆ ಇವಿ ಒಗ್ಗುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೇ.

ನಿಂತ ಇವಿಯ ಆರೈಕೆ

ಇವಿಯ ಬ್ಯಾಟರಿ ಓಡದಿದ್ದರೂ ವಯಸ್ಸಾಗುತ್ತದೆ. ಶಾಖ ಮತ್ತು ಪೂರ್ತಿ ಚಾರ್ಜ್ ಎರಡೂ ಸೇರಿದರೆ ಬೇಗ. ಮಕ್ಕಳ ಮನೆಗೆಂದು ಬೆಂಗಳೂರಿಗೆ ತಿಂಗಳುಗಟ್ಟಲೆ ಹೋಗುವವರು ಕಾರನ್ನು ನೂರಕ್ಕೆ ನೂರು ತುಂಬಿಸಿ, ಪ್ಲಗ್ ಚುಚ್ಚಿಟ್ಟು ಹೋಗಬೇಡಿ. ಅರ್ಧದ ಆಸುಪಾಸು ಇಟ್ಟು ನೆರಳಿನಲ್ಲಿ ನಿಲ್ಲಿಸಿ. ದಿನದ ಬಳಕೆಗೆ ಚಾರ್ಜ್ ಶೇ. 20ರಿಂದ 80ರ ನಡುವೆ ಇಟ್ಟುಕೊಂಡರೆ ಒಳ್ಳೆಯದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಆಗಾಗ ಪೂರ್ತಿ ತುಂಬಿಸಲು ಕಂಪನಿಯವರೇ ಹೇಳುತ್ತಾರೆ, ಮ್ಯಾನ್ಯುಯಲ್ ಓದಿಕೊಳ್ಳಿ. ದೊಡ್ಡ ಬ್ಯಾಟರಿಗೆ ಹೆಚ್ಚಿನ ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಕಡಿಮೆ ಓಡಿಸುವ ನಿಮಗೆ ಮೊದಲು ಮುಗಿಯುವುದು ವರ್ಷ.

ಇವಿಯಲ್ಲೂ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಬಾಗಿಲು, ದೀಪ, ಕಂಪ್ಯೂಟರ್ ಎಲ್ಲ ಅದರ ಮೇಲೆ ನಿಂತಿವೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಇದಕ್ಕಾಗಿ ಇವಿಗೂ ವಾರಕ್ಕೊಮ್ಮೆ ಓಡಾಟ ಬೇಕು.

ಕಾರವಾರ, ಅಂಕೋಲಾ, ಹೊನ್ನಾವರದ ಸಮುದ್ರದ ಅಂಚಿನವರಿಗೆ ಇನ್ನೊಂದು ಮಾತು. ಇವಿ ವೇಗ ತಗ್ಗಿಸುವಾಗ ಮೋಟಾರೇ ಹಿಡಿದು ನಿಲ್ಲಿಸುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಉಪ್ಪುಗಾಳಿಗೆ ಡಿಸ್ಕ್ ಮೇಲೆ ತುಕ್ಕು ಕೂರುತ್ತದೆ. ಖಾಲಿ ರಸ್ತೆಯಲ್ಲಿ ಆಗಾಗ ಗಟ್ಟಿಯಾಗಿ ಬ್ರೇಕ್ ಒತ್ತಿ ಅದನ್ನು ಉಜ್ಜಿ ತೆಗೆಯಿರಿ, ತಳಭಾಗವನ್ನು ಸಿಹಿನೀರಿನಲ್ಲಿ ತೊಳೆಯಿರಿ. ಇಲಿ ವೈರ್ ಕಡಿಯುವ ಕಾಟ ಮಾತ್ರ ಎರಡಕ್ಕೂ ಸಮ. ಅಡಿಕೆ ಗೋದಾಮು, ಹುಲ್ಲಿನ ಗೊಣಬೆ ಹತ್ತಿರ ನಿಲ್ಲಿಸಬೇಡಿ.

ಮೀಟರ್ ಬೋರ್ಡ್ ನೋಡಿ ನಿರ್ಧರಿಸಿ

ಇದು ನನ್ನ ಕ್ಷೇತ್ರ. ಇಲ್ಲಿ ಸಡಿಲ ಬಿಟ್ಟರೆ ಮನೆಗೇ ಅಪಾಯ ಎಂದು ಗೊತ್ತಿರುವುದರಿಂದ ಉದ್ದಕ್ಕೆ ಹೇಳುತ್ತೇನೆ.

ಗೀಸರ್ ಹದಿನೈದು ನಿಮಿಷ ಎಳೆದು ಬಿಡುತ್ತದೆ. ಕಾರಿನ ಚಾರ್ಜರ್ ಮೂರು ಕಿಲೋವ್ಯಾಟ್‌ನಷ್ಟನ್ನು ರಾತ್ರಿಯಿಡೀ ಏಳೆಂಟು ಗಂಟೆ ಬಿಡದೆ ಎಳೆಯುತ್ತದೆ. ಹಳೆ ಸಾಕೆಟ್ಟಿನ ಸ್ಕ್ರೂ ಸ್ವಲ್ಪ ಸಡಿಲಿದ್ದರೂ ಸಾಕು, ಅಲ್ಲಿ ಬಿಸಿಯಾಗಿ ಪ್ಲಾಸ್ಟಿಕ್ ಕಂದುತ್ತದೆ, ಆಮೇಲೆ ಕರಗುತ್ತದೆ. ಆದ್ದರಿಂದ ಕಾರಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಬೇಕು: 4 ಚದರ ಮಿ.ಮೀ. ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ (ಹೊರೆ ಹೆಚ್ಚಾದರೆ ಲೈನ್ ಕಡಿಯುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಗಟ್ಟಿ ಕೈಗಾರಿಕಾ ಸಾಕೆಟ್. ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು ಕಿಟಕಿಯಿಂದ ಹೊರಗೆ ಬಿಡುವ ಯೋಚನೆ ಇದ್ದರೆ ಇವಿ ಬೇಡವೇ ಬೇಡ.

ಆಮೇಲೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ನಮ್ಮ ಹಳೆ ಮನೆಗಳಲ್ಲಿ ಅದು ಹೆಸರಿಗೆ ಮಾತ್ರ ಇರುತ್ತದೆ. ಅರ್ಥ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತದೆ, ಜನ ಕಾರು ಕೆಟ್ಟಿತು ಎಂದುಕೊಳ್ಳುತ್ತಾರೆ. ಜಂಬಿಟ್ಟಿಗೆ ನೆಲದಲ್ಲಿ ಇನ್ನೊಂದು ತಾಪತ್ರಯ. ಮಳೆಗಾಲದಲ್ಲಿ ಚೆನ್ನಾಗಿ ಸಿಗುವ ಅರ್ಥ್ ಮಾರ್ಚ್ ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಕೈಕೊಡುತ್ತದೆ. ಇದ್ದಿಲು, ಉಪ್ಪು ಹಾಕಿ ಹೊಸ ಪಿಟ್ ಮಾಡಿಸಿ, ಬಚ್ಚಲ ನೀರು ಹರಿಯುವ ಕಡೆಯಾದರೆ ಉತ್ತಮ. ಬೇಸಿಗೆಯಲ್ಲಿ ಒಂದೊಂದು ಕೊಡ ನೀರು ಹುಯ್ಯಿರಿ. ಅರ್ಥ್ ಅಳೆಯುವ ಮೀಟರ್ ತಂದು 5 ಓಮ್‌ಗಿಂತ ಕಡಿಮೆ ತೋರಿಸಿದ ಮೇಲೆಯೇ ವೈರ್‌ಮನ್‌ಗೆ ದುಡ್ಡು ಕೊಡಿ.

ವೋಲ್ಟೇಜ್ ಕೂಡ ನೋಡಿ. ಜನವರಿಯಿಂದ ಮೇ ತನಕ ತೋಟದ ಪಂಪುಗಳು ಓಡುವ ಹೊತ್ತಿಗೆ ಲೈನಿನ ಕೊನೆಯ ಮನೆಗಳಿಗೆ ಸಾಲುವಷ್ಟು ಬರುವುದಿಲ್ಲ. ರಾತ್ರಿ ಹತ್ತರ ಮೇಲೆ ಚಾರ್ಜಿಗೆ ಇಡುವುದು ಒಳ್ಳೆಯದು. ಗುಡುಗು ಮಿಂಚಿನ ದಿನ ಪ್ಲಗ್ ತೆಗೆದಿಡಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದ ಊರು ನಿಮ್ಮದಾದರೆ ಯಾವತ್ತೂ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಮನೆಯ ಇನ್ವರ್ಟರ್ ಕಾರಿಗೆ ಸಾಲುವುದಿಲ್ಲ. ಕೈಗಾ, ಕದ್ರಾ, ನಾಗಝರಿ, ಗೇರುಸೊಪ್ಪ ವಿದ್ಯುತ್ ಸ್ಥಾವರಗಳೆಲ್ಲ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದ್ದರೂ ಕಾಡಿನ ನಡುವಿನ ಮನೆಗೆ ಬರುವ ತಂತಿ ಮಾತ್ರ ಅದೇ ಮರಗಳ ಕೆಳಗೆ ಬರಬೇಕಲ್ಲ.

ಮನೆಗೆ ಉಚಿತ ಕರೆಂಟ್ ಕೊಡುವ ಸರ್ಕಾರದ ಗೃಹಜ್ಯೋತಿ ಯೋಜನೆಯ ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಇಷ್ಟು ಉಚಿತ. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ತಿಂಗಳಿಗೆ 300 ಕಿ.ಮೀ. ಓಡುವ ಇವಿ ಸುಮಾರು 43 ಯೂನಿಟ್ ತಿನ್ನುತ್ತದೆ. ಮನೆಯಲ್ಲಿ 110 ಯೂನಿಟ್ ಸುಡುವವರಿಗೆ ಇದು ಇನ್ನೂರೈವತ್ತು ರೂಪಾಯಿಯ ಒಳಗಿನ ಮಾತು. 170 ಯೂನಿಟ್ ಸುಡುವವರಿಗೆ ಒಟ್ಟು 213 ಆಗಿ, ಸೊನ್ನೆ ಬರುತ್ತಿದ್ದ ಬಿಲ್ 1,235 ರೂಪಾಯಿಗೆ ಏರುತ್ತದೆ, ನಿಗದಿತ ಶುಲ್ಕ ಮತ್ತು ತೆರಿಗೆ ಬೇರೆ. ಆಗ ಕಿಲೋಮೀಟರಿಗೆ ಬೀಳುವುದು ಎಂಬತ್ತು ತೊಂಬತ್ತು ಪೈಸೆಯಲ್ಲ, ನಾಲ್ಕು ರೂಪಾಯಿಗೂ ಹೆಚ್ಚು. ಹಿಂದಿನ ಹನ್ನೆರಡು ತಿಂಗಳ ಬಿಲ್ ತೆಗೆದಿಟ್ಟು ನೋಡಿ. ಗಡಿಯ ಹತ್ತಿರ ಇದ್ದರೆ ಇವಿ ಚಾರ್ಜಿಂಗ್‌ನ ಪ್ರತ್ಯೇಕ ದರ, ಪ್ರತ್ಯೇಕ ಮೀಟರ್ ಬಗ್ಗೆ ಹೆಸ್ಕಾಂ (ನಮಗೆ ಕರೆಂಟ್ ಕೊಡುವ ಕಂಪನಿ) ಉಪವಿಭಾಗ ಕಚೇರಿಯಲ್ಲಿ ವಿಚಾರಿಸಿ.

ಘಟ್ಟ ಮತ್ತು ಆಸ್ಪತ್ರೆ

24 ಕಿಲೋವ್ಯಾಟ್ ಅವರ್ ಬ್ಯಾಟರಿಯ ಸಣ್ಣ ಇವಿಗೆ ಒಂದು ಚಾರ್ಜಿಗೆ ಮುನ್ನೂರು ಕಿಲೋಮೀಟರಿನ ಆಸುಪಾಸು ಎಂದು ಜಾಹೀರಾತಿನಲ್ಲಿ ಬರೆದಿರುತ್ತಾರೆ. ಎಸಿ ಹಾಕಿ ಸಾಮಾನ್ಯ ರಸ್ತೆಯಲ್ಲಿ ಓಡಿಸಿದರೆ 170ರಿಂದ 190 ಎಂದು ನಂಬಿಕೊಳ್ಳಿ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವಾಗ ಆರುನೂರು ಮೀಟರ್‌ನಷ್ಟು ಮೇಲೇರಬೇಕು. ನಾಲ್ಕು ಜನ ಕೂತ ಕಾರನ್ನು ಅಷ್ಟು ಎತ್ತಲು ಎರಡೂವರೆ ಯೂನಿಟ್ ಬೇಕು, ಬ್ಯಾಟರಿಯ ಹತ್ತನೇ ಒಂದು ಭಾಗ. ಅರವತ್ತು ಕಿಲೋಮೀಟರಿನ ಆ ದಾರಿಗೆ ಎಂಬತ್ತು ಎಂದು ಲೆಕ್ಕ ಹಿಡಿದರೆ ತಪ್ಪಾಗುವುದಿಲ್ಲ. ಇಳಿಯುವಾಗ ಅದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ, ಆದರೆ ಬ್ಯಾಟರಿಯಲ್ಲಿ ಜಾಗ ಇದ್ದರೆ ಮಾತ್ರ. ಶಿರಸಿಯಿಂದ ನೂರು ತುಂಬಿಸಿಕೊಂಡು ಹೊರಟರೆ ಮೋಟಾರಿನ ಹಿಡಿತ ಕಡಿಮೆಯಾಗಿ ಬ್ರೇಕೇ ಎಲ್ಲ ಭಾರ ಹೊರಬೇಕು. ಘಟ್ಟ ಇಳಿಯುವ ದಿನ ತೊಂಬತ್ತಕ್ಕೆ ನಿಲ್ಲಿಸಿ.

ಇನ್ನು ನಿಜವಾಗಿ ತೂಗಬೇಕಾದದ್ದು. ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ. ದೊಡ್ಡ ಕಾಯಿಲೆ ಬಂದರೆ ಶಿರಸಿಯವರು ಹುಬ್ಬಳ್ಳಿಗೆ, ಕುಮಟೆ ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ ಹೋಗಬೇಕು. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್. ಹೋಗುವುದು ಸಾಧ್ಯ, ಚಾರ್ಜ್ ಮಾಡದೆ ಹೋಗಿ ಬರುವುದು ಸಣ್ಣ ಇವಿಯಲ್ಲಿ ಸಾಧ್ಯವಿಲ್ಲ. ಮಳೆಗಾಲದಲ್ಲಿ ದಾರಿಯೇ ಬದಲಾಗುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದಾಗ ಜನ ಸುತ್ತಿ ಬಳಸಿ ಓಡಾಡಿದ್ದನ್ನು ನೋಡಿದ್ದೇವೆ. ಮನೆಯಲ್ಲಿ ಇರುವುದು ಒಂದೇ ಕಾರು, ವಯಸ್ಸಾದವರು ಇದ್ದಾರೆ, ಊರು ಒಳಗಡೆ ಎಂದಾದರೆ ಪೆಟ್ರೋಲ್ ಕಾರೇ ಇರಲಿ ಎಂದು ನೇರವಾಗಿ ಹೇಳುತ್ತೇನೆ. ಓಡಾಟ ಇಷ್ಟು ಕಮ್ಮಿ ಇದ್ದಾಗ ಹೊಸದೇ ಆಗಬೇಕೆಂದೂ ಇಲ್ಲ. ಸರ್ವೀಸ್ ದಾಖಲೆ ಇರುವ ನಾಲ್ಕೈದು ವರ್ಷದ ಆಟೋಮ್ಯಾಟಿಕ್ ಕಾರು ರೂಪಾಯಿ ಲೆಕ್ಕದಲ್ಲಿ ಎಲ್ಲಕ್ಕಿಂತ ಹಗುರ. ಈಗಿರುವ ಕಾರು ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ಹದಿನೈದು ವರ್ಷ ಆದ ಮೇಲೆ ನೋಂದಣಿ ನವೀಕರಣಕ್ಕೆ 5,000 ರೂಪಾಯಿ ಶುಲ್ಕ, ಎಫ್‌ಸಿ (ಕಾರು ಓಡಿಸಲು ಯೋಗ್ಯ ಎನ್ನುವ ಪತ್ರ) ತಪಾಸಣೆ ಇರುತ್ತದೆ.

ಹಾಗಾದರೆ ಇವಿ ಯಾರಿಗೆ? ನೀರ್ನಳ್ಳಿ ರಸ್ತೆ ಕಡೆಯ ನಿವೃತ್ತ ಮಾಸ್ತರರೊಬ್ಬರಿಗೆ ಈ ದುಡ್ಡಿನ ಲೆಕ್ಕ ಎಲ್ಲ ಹೇಳಿ, “ಮಾಸ್ತರ್ರೇ, ನಿಮ್ಮ ಓಡಾಟಕ್ಕೆ ಇದು ಹುಟ್ಟುವುದಿಲ್ಲ” ಅಂದೆ. ಅವರು, “ಪೆಟ್ರೋಲ್ ಉಳಿಸಲೆ ಅಲ್ದೋ ತಮಾ, ಕ್ಲಚ್ ಒತ್ತಲೆ ಮೊಳಕಾಲು ಕೇಳ್ತಿಲ್ಲೆ” ಅಂದರು. ಅವರ ಮನೆಯಲ್ಲಿ ಮಗನ ಪೆಟ್ರೋಲ್ ಕಾರು ಬೇರೆ ಇದೆ, ಮಾಡಿನ ಕೆಳಗೆ ನಿಲ್ಲಿಸುವ ಜಾಗ ಇದೆ, ತಿಂಗಳ ಕರೆಂಟ್ ನೂರು ಯೂನಿಟ್‌ನ ಒಳಗೆ. ಅವರಿಗೆ ಇವಿ ತೆಗೆದುಕೊಳ್ಳಿ ಎಂದೇ ಹೇಳಿದೆ. ಮನೆಯ ಎರಡನೇ ಕಾರು, ಸ್ವಂತ ಅಂಗಳ, ಪೇಟೆಯ ಸುತ್ತಲಿನ ಓಡಾಟ, ಕಾಲುನೋವು, ಗೇರ್ ಬದಲಿಸಲು ಅಂಜುವವರು: ಇಂಥಲ್ಲಿ ಇವಿ ಕೊಡುವ ಸುಖ ಪೆಟ್ರೋಲ್ ಕಾರಿನಲ್ಲಿಲ್ಲ. ಕಾರವಾರದ ಫ್ಲ್ಯಾಟಿನವರು ಮಾತ್ರ ಪಾರ್ಕಿಂಗ್ ಜಾಗಕ್ಕೆ ನಿಮ್ಮ ಮೀಟರಿನಿಂದ ಲೈನ್ ಎಳೆಯಲು ಸಂಘದ ಒಪ್ಪಿಗೆ ಬರಹದಲ್ಲಿ ಸಿಗುವ ತನಕ ಮುಂಗಡ ಕೊಡಬೇಡಿ.

ಇವಿ ಎಂದು ತೀರ್ಮಾನವಾದರೆ ಕೆಲಸದ ಕ್ರಮ ಹೀಗಿರಲಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ, ಒಂದೋ ಎರಡೋ ಕಿಲೋವ್ಯಾಟ್ ಇದ್ದರೆ ಏರಿಸಲು ಹೆಸ್ಕಾಂಗೆ ಮೊದಲು ಅರ್ಜಿ ಕೊಡಿ. ಲೈನ್, ಅರ್ಥಿಂಗ್ ಮುಗಿಸಿ. ಶೋರೂಂನಲ್ಲಿ ಕೇಳಬೇಕಾದದ್ದು ಎರಡು: ಇವಿ ರಿಪೇರಿ ಕಲಿತ ಮೆಕ್ಯಾನಿಕ್ ಇರುವ ಹತ್ತಿರದ ಸರ್ವೀಸ್ ಸೆಂಟರ್ ಯಾವ ಊರಿನಲ್ಲಿದೆ, ದಾರಿಯಲ್ಲಿ ನಿಂತರೆ ಅಲ್ಲಿಯ ತನಕ ಎಳೆದೊಯ್ಯುವ ಖರ್ಚು ಯಾರದ್ದು. ಟೆಸ್ಟ್ ಡ್ರೈವ್‌ಗೆ ಶೋರೂಂ ಸುತ್ತ ಎರಡು ಸುತ್ತು ಸಾಲದು. ನಿಮ್ಮ ಮನೆಯ ತನಕ ತರಿಸಿ, ಮನೆಯ ಏರನ್ನು ಹತ್ತಿಸಿ, ಮಣ್ಣುರಸ್ತೆಯಲ್ಲಿ ತಳ ತಾಗುತ್ತದೆಯೋ ನೋಡಿ. ನಿಮ್ಮದೇ ಸಾಕೆಟ್ಟಿಗೆ ಒಂದು ಗಂಟೆ ಚಾರ್ಜಿಗೆ ಹಾಕಿ, ಆಮೇಲೆ ಪ್ಲಗ್ ತೆಗೆದು ಪಿನ್ ಹತ್ತಿರದ ಪ್ಲಾಸ್ಟಿಕ್ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಕಾರು ಬರುವ ಮೊದಲು ವೈರ್‌ಮನ್‌ನನ್ನು ಇನ್ನೊಮ್ಮೆ ಕರೆಸಿ.